ಟೆಲಿಸ್ಕೋಪ್ ಕೊಳ್ಳುವ ಮೊದಲು: ನಕ್ಷತ್ರ ನೋಡುವ ಹವ್ಯಾಸಕ್ಕೆ ಸಮಗ್ರ ಮಾರ್ಗದರ್ಶಿ

ಆಕಾಶ ನೋಡುವ ಹುಚ್ಚು ಹಿಡಿದವರ ಹತ್ತಿರ ಹೋಗಿ "ಶುರು ಮಾಡೋದು ಹೇಗೆ?" ಅಂತ ಕೇಳಿ ನೋಡಿ. ಅಷ್ಟೇ, ನಿಮ್ಮ ಸಂಜೆ ಮುಗಿಯಿತು. ಕನ್ನಡಿಯ ಅಳತೆ, ಐಪೀಸು, ಸ್ಟ್ಯಾಂಡು, ಫಿಲ್ಟರ್ ಅಂತ ಒಂದಾದ ಮೇಲೊಂದು ಬರುತ್ತಲೇ ಇರುತ್ತದೆ. ನಾನೂ ಆ ಪೈಕಿಯವನೇ, ಮಾತಿಗೆ ಕೂತರೆ ನಿಲ್ಲಿಸುವುದು ಕಷ್ಟ. ಆದರೆ ಹೊಸಬರಿಗೆ ನಾನು ಹೇಳುವುದು ಒಂದೇ: ಮೊದಲ ಕೆಲವು ತಿಂಗಳು ಏನನ್ನೂ ಕೊಳ್ಳಬೇಡಿ. ಈ ಹವ್ಯಾಸದಲ್ಲಿ ಮೊದಲು ಪಳಗಬೇಕಾದ್ದು ನಿಮ್ಮ ಕಣ್ಣು. ಯಾವ ನಕ್ಷತ್ರ ಎಲ್ಲಿದೆ ಅಂತ ಗೊತ್ತಿಲ್ಲದವರ ಕೈಗೆ ಟೆಲಿಸ್ಕೋಪ್ ಸಿಕ್ಕರೆ ಅದನ್ನು ಎತ್ತ ತಿರುಗಿಸಬೇಕೋ ತಿಳಿಯುವುದಿಲ್ಲ. ನಾಲ್ಕು ಸಲ ಚಂದ್ರನನ್ನು ನೋಡಿ ಮೂಲೆಗೆ ಇಡುತ್ತಾರೆ.

ಹೀಗಾಗಿ ಕೆಳಗಿನ ಹಂತಗಳಲ್ಲಿ ಮುಕ್ಕಾಲು ಪಾಲು ಬರಿಗಣ್ಣಿನ ಕೆಲಸ.

ಹಂತ 1: ಕಣ್ಣಿಗೆ ಕತ್ತಲು ಒಗ್ಗಲಿ

ಬೆಳಕಿನ ಕೋಣೆಯಿಂದ ಹೊರಗೆ ಬಂದು ತಲೆ ಎತ್ತಿದರೆ ಬೆರಳೆಣಿಕೆಯಷ್ಟು ಚುಕ್ಕಿಗಳು ಕಾಣುತ್ತವೆ. ಬಹಳ ಜನ ಅಲ್ಲಿಗೇ ಬಿಟ್ಟು ಒಳಗೆ ಹೋಗುತ್ತಾರೆ. ಕಣ್ಣಿನ ಪಾಪೆ ಹಿಗ್ಗುವುದು ಬೇಗ ಆಗುತ್ತದೆ, ನಿಜ. ಆದರೆ ಅಕ್ಷಿಪಟಲದಲ್ಲಿರುವ ಮಂದ ಬೆಳಕಿನ ಕೋಶಗಳು ತಯಾರಾಗಲು 20ರಿಂದ 30 ನಿಮಿಷ ಬೇಕು. ಅವುಗಳಲ್ಲಿರುವ ರೊಡಾಪ್ಸಿನ್ ಅನ್ನುವ ವಸ್ತು ಬೆಳಕಿಗೆ ಒಡೆದುಹೋಗುತ್ತದೆ, ಕತ್ತಲಲ್ಲಿ ಮತ್ತೆ ನಿಧಾನಕ್ಕೆ ತುಂಬಿಕೊಳ್ಳುತ್ತದೆ. ಮಧ್ಯದಲ್ಲಿ ಒಂದು ಸಲ ಮೊಬೈಲ್ ನೋಡಿದಿರೋ, ಕಾದದ್ದೆಲ್ಲ ನೀರಿನಲ್ಲಿ ಹೋಮ.

ಈ ಕೋಶಗಳಿಗೆ ಕೆಂಪು ಬೆಳಕು ಅಷ್ಟಾಗಿ ತಾಗುವುದಿಲ್ಲ. ಅದಕ್ಕೇ ಟಾರ್ಚಿಗೆ ಕೆಂಪು ಹಾಳೆ ಸುತ್ತಿಕೊಳ್ಳುವುದು ರೂಢಿ. ಒಂದು ಪದರ ಸಾಲದಿದ್ದರೆ ಮೂರು ನಾಲ್ಕು ಸುತ್ತಿ. ಬಣ್ಣ ಕೆಂಪಾದರೆ ಸಾಲದು, ಬೆಳಕು ಮಂದವೂ ಆಗಿರಬೇಕು.

ಇನ್ನೊಂದು ಉಪಾಯವನ್ನು ಇಲ್ಲೇ ಕಲಿತುಬಿಡಿ. ತೀರ ಮಂದವಾದದ್ದನ್ನು ನೇರವಾಗಿ ನೋಡಬೇಡಿ, ಅದರ ಪಕ್ಕಕ್ಕೆ ನೋಡಿ. ನೇರ ನೋಟಕ್ಕೆ ಬಳಕೆಯಾಗುವ ಅಕ್ಷಿಪಟಲದ ನಟ್ಟನಡುವಿನಲ್ಲಿ ಮಂದ ಬೆಳಕಿನ ಕೋಶಗಳೇ ಇಲ್ಲ, ಸ್ವಲ್ಪ ಆಚೀಚೆ ದಟ್ಟವಾಗಿವೆ. ಹಾಗಾಗಿ ಓರೆನೋಟಕ್ಕೆ ಕಂಡದ್ದು ನೇರ ನೋಡಿದ ಕೂಡಲೇ ಮಾಯವಾಗುತ್ತದೆ. ಮೊದಮೊದಲು ಇದು ತಮಾಷೆ ಅನಿಸಬಹುದು, ಆಮೇಲೆ ಇದಿಲ್ಲದೆ ಕೆಲಸವೇ ನಡೆಯುವುದಿಲ್ಲ.

ಜಾಗ ಹೇಗಿರಬೇಕು? ಬೀದಿದೀಪ ನೇರವಾಗಿ ಕಣ್ಣಿಗೆ ಬೀಳದ, ಆಕಾಶದ ದೊಡ್ಡ ತುಂಡು ಕಾಣುವ ಯಾವ ಜಾಗವಾದರೂ ಸರಿ. ಆಕಾಶ ಎಷ್ಟು ಕತ್ತಲಾಗಿದೆ ಅಂತ ಅಳೆಯಲು 2001ರಲ್ಲಿ ಜಾನ್ ಬಾರ್ಟಲ್ ಅನ್ನುವ ಅಮೆರಿಕದ ಹವ್ಯಾಸಿ ವೀಕ್ಷಕರು ಒಂದು ಪಟ್ಟಿ ಮಾಡಿದರು. ಅದರಲ್ಲಿ 1 ಅಂದರೆ ಕಗ್ಗತ್ತಲು, 9 ಅಂದರೆ ದೊಡ್ಡ ನಗರದ ನಡುವಿನ ಆಕಾಶ. ನಿಮ್ಮದು 8 ಆಗಿದ್ದರೆ ಕ್ಷೀರಪಥದ ಆಸೆ ಬಿಡಿ. ಆದರೆ ಚಂದ್ರ, ಗ್ರಹಗಳು ಮತ್ತು ಪ್ರಕಾಶಮಾನ ನಕ್ಷತ್ರಗಳು ಅಲ್ಲೂ ಸಿಗುತ್ತವೆ, ವರ್ಷಗಟ್ಟಲೆ ನೋಡುವಷ್ಟು ಸಿಗುತ್ತವೆ. "ನಮ್ಮ ಕಡೆ ಏನೂ ಕಾಣಲ್ಲ" ಅನ್ನುವುದು ಅರ್ಧ ನೆಪ.

ಹಂತ 2: ಅಳತೆಪಟ್ಟಿ ನಿಮ್ಮ ಕೈಯಲ್ಲೇ ಇದೆ

"ಆ ನಕ್ಷತ್ರದಿಂದ ಸ್ವಲ್ಪ ಮೇಲೆ" ಅಂದರೆ ಯಾರಿಗೂ ಅರ್ಥವಾಗುವುದಿಲ್ಲ. ಆಕಾಶದಲ್ಲಿ ದೂರ ಅಳೆಯುವುದು ಡಿಗ್ರಿಯಲ್ಲಿ. ಕೈಯನ್ನು ಪೂರ್ತಿ ಮುಂದಕ್ಕೆ ಚಾಚಿ. ಕಿರುಬೆರಳಿನ ಅಗಲ ಸುಮಾರು 1 ಡಿಗ್ರಿ, ನಡುವಿನ ಮೂರು ಬೆರಳು ಜೋಡಿಸಿದರೆ 5 ಡಿಗ್ರಿ, ಮುಷ್ಟಿ 10 ಡಿಗ್ರಿ, ಒಂದು ಗೇಣು 20ರಿಂದ 25 ಡಿಗ್ರಿ. ಮಕ್ಕಳಿಗೂ ಇದೇ ಲೆಕ್ಕ ಸಾಕು, ಯಾಕೆಂದರೆ ಕೈ ಚಿಕ್ಕದಾದರೆ ತೋಳೂ ಗಿಡ್ಡವೇ. ಹುಣ್ಣಿಮೆ ಚಂದ್ರ ಎಷ್ಟು ಅಗಲ ಅಂತ ಊಹಿಸಿ, ಆಮೇಲೆ ಅಳೆಯಿರಿ. ಬರೀ ಅರ್ಧ ಡಿಗ್ರಿ! ಕಿರುಬೆರಳಿನ ಹಿಂದೆ ಪೂರ್ತಿ ಅಡಗುತ್ತಾನೆ.

ಹೊಳಪಿಗೂ ಒಂದು ಅಳತೆ ಇದೆ, ಮ್ಯಾಗ್ನಿಟ್ಯೂಡ್ ಅಂತ. ಅದು ತಲೆಕೆಳಗು. ಸಂಖ್ಯೆ ಹೆಚ್ಚಿದಷ್ಟೂ ನಕ್ಷತ್ರ ಮಂದ. ಒಳ್ಳೆಯ ಕತ್ತಲಲ್ಲಿ ಬರಿಗಣ್ಣಿಗೆ 6ರವರೆಗೂ ಕಾಣುತ್ತದೆ. 1ಕ್ಕೂ 6ಕ್ಕೂ ನಡುವೆ 100 ಪಟ್ಟು ವ್ಯತ್ಯಾಸ. ಸದ್ಯಕ್ಕೆ ಇಷ್ಟು ಸಾಕು.

ಹಂತ 3: ಮೊದಲ ಗುರುತು ಮಹಾವ್ಯಾಧ

ಒಂದೇ ರಾತ್ರಿ ಇಡೀ ಆಕಾಶ ಕಲಿಯಲು ಹೊರಟರೆ ಏನೂ ಉಳಿಯುವುದಿಲ್ಲ. ಒಂದು ಗಟ್ಟಿ ಗುರುತು ಹಿಡಿದುಕೊಳ್ಳಿ, ಅಲ್ಲಿಂದ ಹೆಜ್ಜೆ ಹಾಕಿ. ನನ್ನ ಆಯ್ಕೆ ಮಹಾವ್ಯಾಧ, ಅಂದರೆ ಓರಿಯನ್. ಇದು ಆಕಾಶದ ಸಮಭಾಜಕದ ಮೇಲೆಯೇ ಇರುವುದರಿಂದ ಭೂಮಿಯ ಹೆಚ್ಚುಕಮ್ಮಿ ಎಲ್ಲ ಕಡೆಯಿಂದಲೂ ಕಾಣುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಸಂಜೆಯಾದ ಮೇಲೆ ನೋಡಲು ಹೇಳಿ ಮಾಡಿಸಿದ ಹೊತ್ತು. ನೇರ ಸಾಲಿನಲ್ಲಿ, ಸಮ ಅಂತರದಲ್ಲಿ ಮೂರು ನಕ್ಷತ್ರಗಳು ಕಾಣುತ್ತವಲ್ವಾ, ಅದೇ ವ್ಯಾಧನ ನಡುಪಟ್ಟಿ. ಅಂಥ ಸಾಲು ಆಕಾಶದಲ್ಲಿ ಬೇರೆಲ್ಲೂ ಇಲ್ಲ.

ಪಟ್ಟಿಯ ಒಂದು ಬದಿಗೆ ಕೆಂಪು ಛಾಯೆಯ ಆರ್ದ್ರಾ, ಇನ್ನೊಂದು ಬದಿಗೆ ನೀಲಿ ಬಿಳುಪಿನ ರೀಗೆಲ್. ಎರಡನ್ನೂ ಒಂದಾದ ಮೇಲೊಂದು ನೋಡಿ. ನಕ್ಷತ್ರಗಳಿಗೆ ಬಣ್ಣ ಇದೆ ಅಂತ ಬಹಳ ಜನರಿಗೆ ಮೊದಲು ಗೊತ್ತಾಗುವುದು ಇಲ್ಲೇ. ಕೆಂಪಗಿರುವುದು ತಣ್ಣಗಿನ ನಕ್ಷತ್ರ, ನೀಲಿಯದು ಬಿಸಿ. ನಮ್ಮ ನಲ್ಲಿಯ ಗುರುತಿಗೆ ಇದು ಪೂರ್ತಿ ಉಲ್ಟಾ.

ಈಗ ಪಟ್ಟಿಯ ಸಾಲನ್ನು ಎರಡೂ ಕಡೆಗೆ ಮನಸ್ಸಿನಲ್ಲೇ ಎಳೆಯಿರಿ. ಒಂದು ಕಡೆ ಎರಡು ಮುಷ್ಟಿಗಿಂತ ಸ್ವಲ್ಪ ಜಾಸ್ತಿ ಹೋದರೆ ಲುಬ್ಧಕ ಸಿಗುತ್ತದೆ. ರಾತ್ರಿಯ ನಕ್ಷತ್ರಗಳಲ್ಲೆಲ್ಲ ಅತಿ ಪ್ರಕಾಶಮಾನ ಅದು, 8.6 ಜ್ಯೋತಿರ್ವರ್ಷ ದೂರದಲ್ಲಿದೆ. ಇನ್ನೊಂದು ಕಡೆ ಸುಮಾರು ಅಷ್ಟೇ ದೂರಕ್ಕೆ ಕಿತ್ತಳೆ ಬಣ್ಣದ ರೋಹಿಣಿ. ಅದೇ ದಿಕ್ಕಿನಲ್ಲಿ ಇನ್ನೊಂದೂವರೆ ಮುಷ್ಟಿ ಮುಂದೆ ಹೋಗಿ. ಮಸುಕಾದ ಒಂದು ಪುಟ್ಟ ಗೊಂಚಲು ಕಾಣುತ್ತದೆ, ಅದು ಕೃತ್ತಿಕೆ. ಎಷ್ಟು ನಕ್ಷತ್ರ ಎಣಿಸಲು ಸಾಧ್ಯವಾಯಿತು ಅಂತ ಬರೆದಿಟ್ಟುಕೊಳ್ಳಿ. ಆರು ಕಂಡರೆ ಕಣ್ಣೂ ಚೆನ್ನಾಗಿದೆ, ಆಕಾಶವೂ ಚೆನ್ನಾಗಿದೆ. ಕಮ್ಮಿ ಕಂಡರೆ ಬೇರೆ ರಾತ್ರಿ ಮತ್ತೆ ಎಣಿಸಿ.

ಪಟ್ಟಿಗೆ ಕತ್ತಿ ನೇತುಹಾಕಿದ ಹಾಗೆ ಮಂದ ನಕ್ಷತ್ರಗಳ ಒಂದು ಚಿಕ್ಕ ಸಾಲಿದೆ. ಅದರ ನಡುವಿನದು ಯಾಕೋ ಸರಿಯಾಗಿ ಚುಕ್ಕಿಯ ಹಾಗೆ ಕಾಣುವುದಿಲ್ಲ, ಮಂಜು ಮಂಜು. ಅದು ಸುಮಾರು 1,300 ಜ್ಯೋತಿರ್ವರ್ಷ ದೂರದ ನೀಹಾರಿಕೆ. ಹೊಸ ನಕ್ಷತ್ರಗಳು ಹುಟ್ಟುತ್ತಿರುವ ಜಾಗ. ಬರಿಗಣ್ಣಿಗೇ ಸಿಗುತ್ತದೆ.

ವರ್ಷದ ಬೇರೆ ಸಮಯದಲ್ಲಿ ಶುರು ಮಾಡುವವರು ಸಪ್ತರ್ಷಿ ಮಂಡಲ ಹಿಡಿಯಬಹುದು. ಉತ್ತರ ಗೋಳಾರ್ಧದಲ್ಲಿ ಏಪ್ರಿಲ್, ಮೇ ತಿಂಗಳ ಸಂಜೆ ಅದು ಎತ್ತರದಲ್ಲಿರುತ್ತದೆ. ಅದರ ಏಳು ನಕ್ಷತ್ರಗಳಲ್ಲಿ ನಾಲ್ಕು ಸೇರಿ ಒಂದು ಚೌಕ, ಉಳಿದ ಮೂರು ಅದರ ಬಾಲ. ಚೌಕದ ಹೊರಬದಿಯ, ಅಂದರೆ ಬಾಲದಿಂದ ದೂರದ, ಎರಡು ನಕ್ಷತ್ರಗಳ ನಡುವಿನ ದೂರವನ್ನು ಐದು ಸಲ ಮುಂದುವರಿಸಿದರೆ ಧ್ರುವ. ಅದು ದಿಗಂತದಿಂದ ಎಷ್ಟು ಡಿಗ್ರಿ ಮೇಲಿದೆ ಅಂತ ಮುಷ್ಟಿಯಲ್ಲಿ ಅಳೆಯಿರಿ. ನೀವು ನಿಂತಿರುವ ಜಾಗದ ಅಕ್ಷಾಂಶ ಅದೇ! ಬಾಲದ ನಡುವೆ ವಸಿಷ್ಠ, ಅದಕ್ಕೆ ಅಂಟಿಕೊಂಡಂತೆ ಅರುಂಧತಿ. ಬಾಲದ ಬಾಗನ್ನು ಹಾಗೇ ಮುಂದುವರಿಸಿದರೆ ಮೊದಲು ಸ್ವಾತಿ, ಆಮೇಲೆ ಚಿತ್ತಾ. ದಕ್ಷಿಣ ಗೋಳಾರ್ಧದವರಿಗೆ ಧ್ರುವ ಕಾಣುವುದಿಲ್ಲ. ಅವರಿಗೆ ತ್ರಿಶಂಕು ಇದೆ.

ಹಂತ 4: ಆಕಾಶ ತಿರುಗುವ ಲೆಕ್ಕ

ಮಹಾವ್ಯಾಧ ಗುರುತಾಯಿತು. ಎರಡು ಗಂಟೆ ಬಿಟ್ಟು ಮತ್ತೆ ಬಂದು ನೋಡಿ. ಮೂರು ಮುಷ್ಟಿ ಪಶ್ಚಿಮಕ್ಕೆ ಸರಿದಿರುತ್ತದೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ, ಅಷ್ಟೇ ಲೆಕ್ಕ.

ಇದರ ಜೊತೆಗೆ ಇನ್ನೊಂದು ನಿಧಾನದ ಚಲನೆ ಇದೆ. ಪ್ರತಿ ನಕ್ಷತ್ರವೂ ದಿನಕ್ಕೆ ಸುಮಾರು 4 ನಿಮಿಷ ಬೇಗ ಹುಟ್ಟುತ್ತದೆ. ತಿಂಗಳಿಗೆ ಎರಡು ಗಂಟೆ, ವರ್ಷಕ್ಕೆ ಇಡೀ ಒಂದು ದಿನ. ಇವತ್ತು ರಾತ್ರಿ 10ಕ್ಕೆ ಕಾಣುವ ಆಕಾಶ ಮುಂದಿನ ತಿಂಗಳು 8ಕ್ಕೇ ಬಂದಿರುತ್ತದೆ. ಇದು ತಲೆಗೆ ಹತ್ತಿದರೆ ಕ್ಯಾಲೆಂಡರ್ ನೋಡದೆಯೇ "ಈಗ ಯಾವುದು ಎಲ್ಲಿರಬೇಕು" ಅಂತ ಹೇಳಬಲ್ಲಿರಿ. ಆ್ಯಪ್ ಬೇಕಿದ್ದರೆ ಸ್ಟೆಲ್ಲೇರಿಯಂ ಒಳ್ಳೆಯದು, ಕಂಪ್ಯೂಟರಿನಲ್ಲಿ ಉಚಿತ. ಆದರೆ ಮೊದಲು ಆಕಾಶ ನೋಡಿ ಊಹಿಸಿ, ಆಮೇಲೆ ಆ್ಯಪ್‌ನಲ್ಲಿ ತಾಳೆ ಹಾಕಿ. ಸುಮ್ನೆ ಫೋನ್ ಎತ್ತಿ ಹಿಡಿದು ಹೆಸರು ಓದುತ್ತಾ ಹೋದರೆ ಯಾವುದೂ ನೆನಪಿನಲ್ಲಿ ಉಳಿಯುವುದಿಲ್ಲ.

ಹಂತ 5: ಒಂದು ತಿಂಗಳು ಚಂದ್ರನ ಬೆನ್ನು ಬೀಳಿ

ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ಹಂತ ಮಾಡುತ್ತೀರಿ ಅಂತಾದರೆ ಇದನ್ನೇ ಮಾಡಿ.

ಅಮಾವಾಸ್ಯೆ ಕಳೆದು ಬಿದಿಗೆ ಅಥವಾ ತದಿಗೆಯ ಸಂಜೆ ಪಶ್ಚಿಮದಲ್ಲಿ ತೆಳ್ಳನೆಯ ಚಂದ್ರನನ್ನು ಹುಡುಕಿ. ಬೆಳಗದ ಭಾಗವೂ ಬೂದಿ ಬಣ್ಣದಲ್ಲಿ ಕಾಣುತ್ತಿದೆಯಾ? ಅದು ಭೂಮಿಯಿಂದ ಹೋಗಿ ಅಲ್ಲಿ ಬಿದ್ದ ಬೆಳಕು. ಮಾರನೇ ದಿನ ಅದೇ ಹೊತ್ತಿಗೆ ನೋಡಿ. ಚಂದ್ರ ನಕ್ಷತ್ರಗಳ ನಡುವೆ ಸುಮಾರು 13 ಡಿಗ್ರಿ ಪೂರ್ವಕ್ಕೆ ಸರಿದಿರುತ್ತಾನೆ. ಒಂದು ಸುತ್ತಿಗೆ 27.3 ದಿನ. 27 ನಕ್ಷತ್ರಗಳ ಪಟ್ಟಿ ಬಂದಿರುವುದೇ ಈ ಲೆಕ್ಕದಿಂದ, ದಿನಕ್ಕೊಂದು ತಂಗುದಾಣ. ಪ್ರತಿ ರಾತ್ರಿ ಚಂದ್ರನ ಹತ್ತಿರ ಯಾವ ನಕ್ಷತ್ರ ಇದೆ ಅಂತ ಬರೆಯುತ್ತಾ ಹೋಗಿ. ರೋಹಿಣಿ, ಮಘಾ, ಚಿತ್ತಾ, ಜ್ಯೇಷ್ಠಾ ಎಲ್ಲ ಚಂದ್ರನ ದಾರಿಯ ಹತ್ತಿರದಲ್ಲೇ ಇರುವ ಪ್ರಕಾಶಮಾನ ನಕ್ಷತ್ರಗಳು, ಸುಲಭಕ್ಕೆ ಸಿಗುತ್ತವೆ. ಪಂಚಾಂಗದಲ್ಲಿ ಬರೀ ಹೆಸರಾಗಿ ಓದಿದ್ದಕ್ಕೆ ಈಗ ಒಂದು ಜಾಗ ಸಿಗುತ್ತದೆ.

ತಾಳ್ಮೆ ಇದ್ದರೆ ಒಂದೇ ರಾತ್ರಿಯಲ್ಲೂ ಈ ಚಲನೆ ಕಾಣುತ್ತದೆ. ಚಂದ್ರ ಗಂಟೆಗೆ ತನ್ನದೇ ಅಗಲದಷ್ಟು ಸರಿಯುತ್ತಾನೆ. ಹತ್ತಿರದಲ್ಲಿ ಒಂದು ನಕ್ಷತ್ರ ಇದ್ದರೆ ಗೊತ್ತಾಗಿಬಿಡುತ್ತದೆ.

ಹಂತ 6: ಗ್ರಹ ಯಾವುದು, ನಕ್ಷತ್ರ ಯಾವುದು

ಗ್ರಹಗಳು ಚಂದ್ರನ ದಾರಿಯ ಆಸುಪಾಸಿನಲ್ಲೇ ಓಡಾಡುತ್ತವೆ. ಹಾಗಾಗಿ ಐದನೇ ಹಂತ ಮಾಡಿದವರಿಗೆ ಇದು ಸಲೀಸು. ಆ ದಾರಿಯಲ್ಲಿ ನಿಮಗೆ ಗೊತ್ತಿಲ್ಲದ ಪ್ರಕಾಶಮಾನ ಚುಕ್ಕಿ ಇದ್ದು, ಅದು ಅಷ್ಟಾಗಿ ಮಿನುಗುತ್ತಿಲ್ಲ ಅಂದರೆ ಗ್ರಹವೇ ಇರಬೇಕು. ನಕ್ಷತ್ರ ಎಷ್ಟು ದೂರ ಅಂದರೆ ಬರೀ ಒಂದು ಬಿಂದು, ಗಾಳಿ ಅಲುಗಿದಾಗೆಲ್ಲ ಅದರ ಬೆಳಕು ಅಲ್ಲಾಡುತ್ತದೆ. ಗ್ರಹಕ್ಕೆ ಒಂದು ಚಿಕ್ಕ ಬಿಲ್ಲೆಯ ಅಗಲ ಇದೆ, ಅಲುಗಾಟ ಅದರಲ್ಲೇ ಸರಿದೂಗಿಹೋಗುತ್ತದೆ. ದಿಗಂತದ ಹತ್ತಿರ ಮಾತ್ರ ಗ್ರಹಗಳೂ ಮಿನುಗುವುದುಂಟು.

ಶುಕ್ರ ಸೂರ್ಯನಿಂದ 47 ಡಿಗ್ರಿಗಿಂತ ದೂರ ಹೋಗುವುದೇ ಇಲ್ಲ. ನಡುರಾತ್ರಿ ನೆತ್ತಿಯ ಮೇಲೆ ಶುಕ್ರ ಕಂಡೆ ಅಂತ ಯಾರಾದರೂ ಹೇಳಿದರೆ ಅದು ಗುರು ಆಗಿರುವ ಸಾಧ್ಯತೆ ಜಾಸ್ತಿ. ಗುರು ಸುಮಾರು ವರ್ಷಕ್ಕೊಂದು ರಾಶಿ ದಾಟುತ್ತದೆ, ಶನಿಗೆ ಎರಡೂವರೆ ವರ್ಷ ಬೇಕು. ಮಂಗಳ ಸುಮಾರು 26 ತಿಂಗಳಿಗೊಮ್ಮೆ ಚೆನ್ನಾಗಿ ಹೊಳೆಯುತ್ತದೆ, ಆಗ ಅದು ಕೆಲವು ವಾರ ಹಿಂದಕ್ಕೆ ನಡೆಯುವುದನ್ನು ಬರಿಗಣ್ಣಿನಲ್ಲೇ ಗುರುತಿಸಬಹುದು.

ಹಂತ 7: ಈಗ ಬೈನಾಕ್ಯುಲರ್ ಕೊಳ್ಳಿ

7×50 ಅಥವಾ 10×50. ಮೊದಲ ಸಂಖ್ಯೆ ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಅನ್ನುವುದು, ಎರಡನೆಯದು ಮುಂದಿನ ಲೆನ್ಸಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ ಸಿಗುತ್ತದೆ. ಕತ್ತಲಲ್ಲಿ ಯುವಕರ ಪಾಪೆ ಸುಮಾರು 7 ಮಿಲಿಮೀಟರ್ ಹಿಗ್ಗುತ್ತದೆ, ವಯಸ್ಸಾದಂತೆ ಅದು 5ರ ಹತ್ತಿರ ಬರುತ್ತದೆ. ನಲವತ್ತು ದಾಟಿದವರಿಗೆ 10×50 ಸಾಕು ಅನ್ನುವುದು ಇದೇ ಕಾರಣಕ್ಕೆ. ಝೂಮ್ ಇರುವ ಬೈನಾಕ್ಯುಲರ್ ಕಡೆ ತಿರುಗಿಯೂ ನೋಡಬೇಡಿ. 10ಕ್ಕಿಂತ ಹೆಚ್ಚಿನದು ಕೈಯಲ್ಲಿ ನಿಲ್ಲುವುದಿಲ್ಲ, ಸ್ಟ್ಯಾಂಡ್ ಬೇಕಾಗುತ್ತದೆ.

ಫೋಕಸ್ ಮಾಡುವ ಕ್ರಮ ಬಹಳ ಜನರಿಗೆ ಗೊತ್ತಿರುವುದಿಲ್ಲ. ಬಲಗಣ್ಣು ಮುಚ್ಚಿ, ಎಡಗಣ್ಣಿಗೆ ನಕ್ಷತ್ರ ಚೂಪಾದ ಚುಕ್ಕಿಯಾಗುವವರೆಗೆ ನಡುವಿನ ಚಕ್ರ ತಿರುಗಿಸಿ. ಆಮೇಲೆ ಎಡಗಣ್ಣು ಮುಚ್ಚಿ, ಬಲಗಡೆಯ ಐಪೀಸಿನ (ಕಣ್ಣಿಡುವ ಕಡೆಯ ಲೆನ್ಸಿನ) ಉಂಗುರವನ್ನು ಮಾತ್ರ ತಿರುಗಿಸಿ. ಒಮ್ಮೆ ಹೊಂದಿಸಿದ ಮೇಲೆ ಆ ಉಂಗುರ ಮುಟ್ಟುವ ಕೆಲಸವಿಲ್ಲ. ನೋಡುವಾಗ ಒರಗಿ ಕೂತು ಮೊಣಕೈಗೆ ಆಸರೆ ಕೊಡಿ. ನಿಂತು ನೋಡಿದರೆ ಕುತ್ತಿಗೆ ನೋಯುತ್ತದೆ, ಚಿತ್ರವೂ ನಡುಗುತ್ತದೆ.

ಏನು ನೋಡಬೇಕು? ಕೃತ್ತಿಕೆಯಿಂದ ಶುರು ಮಾಡಿ, ಆರು ಇದ್ದದ್ದು ಹತ್ತಾರು ಆಗುತ್ತವೆ. ಪುಷ್ಯದ ಪಕ್ಕದಲ್ಲಿರುವ ನಕ್ಷತ್ರಗುಚ್ಛ ಬೈನಾಕ್ಯುಲರಿಗೆಂದೇ ಇಟ್ಟ ಹಾಗಿದೆ. ಗುರುವಿನ ನಾಲ್ಕು ಚಂದ್ರಗಳು ಕೈ ಅಲುಗದಿದ್ದರೆ ಕಾಣುತ್ತವೆ. 1610ರ ಜನವರಿಯಲ್ಲಿ ಗೆಲಿಲಿಯೋ ಕಂಡದ್ದು ಇವನ್ನೇ, ಅವು ರಾತ್ರಿಯಿಂದ ರಾತ್ರಿಗೆ ಜಾಗ ಬದಲಿಸುವುದನ್ನು ನೀವೂ ಚಿತ್ರ ಬರೆದು ಹಿಡಿಯಬಹುದು. ಇನ್ನೊಂದು ಆಂಡ್ರೊಮಿಡಾ ಗೆಲಾಕ್ಸಿ. ಫೋಟೋದಲ್ಲಿರುವಂತೆ ಬಣ್ಣದ ಸುರುಳಿ ಕಾಣುತ್ತದೆ ಅಂದುಕೊಳ್ಳಬೇಡಿ, ಕಾಣುವುದು ಬೂದು ಬಣ್ಣದ ಉದ್ದನೆಯ ಮಸುಕು. ಆ ಬೆಳಕು ಹೊರಟು 25 ಲಕ್ಷ ವರ್ಷವಾಗಿದೆ.

ಚಂದ್ರನನ್ನು ಹುಣ್ಣಿಮೆಯಂದು ನೋಡಬೇಡಿ, ಅಷ್ಟಮಿಯ ಆಸುಪಾಸಿನಲ್ಲಿ ನೋಡಿ. ಬೆಳಕು ಕತ್ತಲೆ ಸೇರುವ ಗೆರೆಯ ಮೇಲೆ ಕುಳಿಗಳ ನೆರಳು ಉದ್ದಕ್ಕೆ ಬಿದ್ದಿರುತ್ತದೆ. ಹುಣ್ಣಿಮೆಯಲ್ಲಿ ನೆರಳೇ ಇಲ್ಲ, ಎಲ್ಲ ಚಪ್ಪಟೆ.

ಒಂದು ಎಚ್ಚರಿಕೆ. ಬೈನಾಕ್ಯುಲರ್ ಅಥವಾ ಟೆಲಿಸ್ಕೋಪಿನಿಂದ ಸೂರ್ಯನನ್ನು ಒಂದು ಕ್ಷಣವೂ ನೋಡಬೇಡಿ. ಕಣ್ಣು ಸುಟ್ಟುಹೋಗುತ್ತದೆ, ಸುಡುವಾಗ ನೋವು ಕೂಡ ಆಗುವುದಿಲ್ಲ. ಸೂರ್ಯನ ಫಿಲ್ಟರ್ ಯಾವಾಗಲೂ ಮುಂದಿನ ಬಾಯಿಗೆ ಹಾಕುವಂಥದ್ದಾಗಿರಬೇಕು. ಐಪೀಸಿಗೆ ತಿರುಗಿಸಿ ಹಾಕುವ ಫಿಲ್ಟರ್ ಸಿಕ್ಕರೆ ಕಸಕ್ಕೆ ಹಾಕಿ. ಅದು ಬಿಸಿಗೆ ಒಡೆಯಬಹುದು.

ಹಂತ 8: ಟೆಲಿಸ್ಕೋಪು, ಅದೂ ಸರಿಯಾದದ್ದು

ಪೆಟ್ಟಿಗೆಯ ಮೇಲೆ "500 ಪಟ್ಟು" ಅಂತ ದೊಡ್ಡದಾಗಿ ಬರೆದಿದ್ದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ. ಟೆಲಿಸ್ಕೋಪಿನ ಶಕ್ತಿ ಇರುವುದು ಅದರ ಬಾಯಿಯ ಅಗಲದಲ್ಲಿ. 150 ಮಿಲಿಮೀಟರ್ ಕನ್ನಡಿ ಬರಿಗಣ್ಣಿಗಿಂತ ಸುಮಾರು 450 ಪಟ್ಟು ಬೆಳಕು ಹಿಡಿಯುತ್ತದೆ. ಎಷ್ಟು ಪಟ್ಟು ದೊಡ್ಡದಾಗಿ ತೋರಿಸಬಹುದು ಅನ್ನುವುದಕ್ಕೂ ಮಿತಿ ಇದೆ, ಬಾಯಿಯ ಅಗಲ ಮಿಲಿಮೀಟರಿನಲ್ಲಿ ಎಷ್ಟೋ ಅದರ ಎರಡರಷ್ಟು. 60 ಮಿಲಿಮೀಟರಿನದ್ದು 120 ದಾಟಿದರೆ ಬರೀ ಮಸುಕು.

ಮೊದಲ ಟೆಲಿಸ್ಕೋಪಿಗೆ 150 ಅಥವಾ 200 ಮಿಲಿಮೀಟರಿನ ಡಾಬ್ಸೋನಿಯನ್ ಸಾಕು. ಜಾನ್ ಡಾಬ್ಸನ್ ಹೆಸರಿನಲ್ಲಿರುವ ಈ ಮಾದರಿಯಲ್ಲಿ ಮೋಟಾರಿಲ್ಲ, ತಂತಿಯಿಲ್ಲ. ಒಂದು ಕೊಳವೆ, ತಿರುಗುವ ಒಂದು ಮರದ ಪೀಠ, ಅಷ್ಟೇ. ಕೈಯಿಂದ ತಳ್ಳಿ ಗುರಿ ಇಡಬೇಕು, ನೀವು ಆಗಲೇ ಆಕಾಶ ಕಲಿತಿರುವುದರಿಂದ ಅದು ಕಷ್ಟವಾಗುವುದಿಲ್ಲ. ಕೊಳವೆಯ ನಾಭಿದೂರವನ್ನು (ಕನ್ನಡಿಯಿಂದ ಬೆಳಕು ಒಂದೆಡೆ ಸೇರುವ ಜಾಗದವರೆಗಿನ ದೂರ) ಐಪೀಸಿನ ನಾಭಿದೂರದಿಂದ ಭಾಗಿಸಿದರೆ ಎಷ್ಟು ಪಟ್ಟು ಅಂತ ಗೊತ್ತಾಗುತ್ತದೆ. 1,200 ಮಿಲಿಮೀಟರಿನ ಕೊಳವೆಗೆ 25 ಮಿಲಿಮೀಟರಿನ ಐಪೀಸು ಹಾಕಿದರೆ 48 ಪಟ್ಟು. ಶನಿಯ ಉಂಗುರಕ್ಕೆ ಅಷ್ಟು ಬೇಕಾದಷ್ಟಾಯಿತು. ಉಂಗುರ 2025ರಲ್ಲಿ ನಮಗೆ ಅಂಚು ತೋರಿಸಿ ಗೆರೆಯಷ್ಟಾಗಿತ್ತು, ಈಗ ವರ್ಷದಿಂದ ವರ್ಷಕ್ಕೆ ತೆರೆದುಕೊಳ್ಳುತ್ತದೆ.

ನೋಡುವ ಅರ್ಧ ಗಂಟೆ ಮೊದಲೇ ಟೆಲಿಸ್ಕೋಪ್ ಹೊರಗಿಡಿ. ಕನ್ನಡಿ ಬಿಸಿಯಾಗಿದ್ದರೆ ಕೊಳವೆಯೊಳಗಿನ ಗಾಳಿ ಕುದಿದಂತಾಗಿ ಚಿತ್ರ ಅಲ್ಲಾಡುತ್ತದೆ.

ಹಂತ 9: ಪುಸ್ತಕದಲ್ಲಿ ಬರೆಯಿರಿ

ದಿನಾಂಕ, ಸಮಯ, ಆಕಾಶ ಹೇಗಿತ್ತು, ಏನು ಕಂಡಿತು. ಎರಡು ಸಾಲು ಸಾಕು. ಇದು ಬೇಜಾರಿನ ಕೆಲಸ ಅನಿಸಿದರೆ ಆಲ್ಗಾಲ್ ಅನ್ನುವ ನಕ್ಷತ್ರ ಹುಡುಕಿಕೊಳ್ಳಿ. 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ ಅದು ಮಂಕಾಗುತ್ತದೆ, ಕೆಲವು ಗಂಟೆಗಳಲ್ಲಿ ಮತ್ತೆ ಮೊದಲಿನಂತಾಗುತ್ತದೆ. ಒಂದನ್ನೊಂದು ಸುತ್ತುವ ಎರಡು ನಕ್ಷತ್ರಗಳಲ್ಲಿ ಮಂದವಾದದ್ದು ಎದುರಿಗೆ ಬಂದು ಹೊಳೆಯುವುದನ್ನು ಮರೆಮಾಡುತ್ತದೆ. 1783ರಲ್ಲಿ ಈ ಲಯವನ್ನು ಲೆಕ್ಕ ಹಾಕಿ ಜಗತ್ತಿಗೆ ತಿಳಿಸಿದ್ದು ಜಾನ್ ಗುಡ್ರಿಕ್, ಕಿವಿ ಕೇಳದ 18 ವರ್ಷದ ಹುಡುಗ. ಅಕ್ಕಪಕ್ಕದ ನಕ್ಷತ್ರಗಳಿಗೆ ಹೋಲಿಸಿ "ಅದಕ್ಕಿಂತ ಮಂದ, ಇದಕ್ಕಿಂತ ಪ್ರಕಾಶ" ಅಂತ ಬರೆಯುತ್ತಾ ಹೋದರೆ ನೀವೂ ಆ ಲಯ ಹಿಡಿಯಬಹುದು.

ಆರ್ದ್ರಾದ ಮೇಲೂ ಒಂದು ಕಣ್ಣಿಡಿ. 2019ರ ಕೊನೆಯಿಂದ 2020ರ ಫೆಬ್ರವರಿವರೆಗೆ ಅದು ಎದ್ದು ಕಾಣುವಷ್ಟು ಮಂಕಾಯಿತು. ಅದೇ ಉಗುಳಿದ ಧೂಳು ಅಡ್ಡ ಬಂದದ್ದು ಮುಖ್ಯ ಕಾರಣ. ದಿನವೂ ಬರೆಯುತ್ತಿದ್ದವರು ಆ ಬದಲಾವಣೆಯನ್ನು ಬರಿಗಣ್ಣಿನಲ್ಲೇ ಹಿಡಿದರು. ಇಂಥ ದಾಖಲೆಗಳನ್ನು ಹವ್ಯಾಸಿಗಳಿಂದಲೇ ಸಂಗ್ರಹಿಸುವ ಎಎವಿಎಸ್ಒ (ಹೊಳಪು ಬದಲಾಗುವ ನಕ್ಷತ್ರಗಳನ್ನು ನೋಡುವವರ ಅಮೆರಿಕದ ಸಂಘ) 1911ರಿಂದ ಇದೆ. ನಿಮ್ಮ ಎರಡು ಸಾಲು ಅಲ್ಲಿ ಕೆಲಸಕ್ಕೆ ಬರುತ್ತದೆ.

ಹಂತ 10: ಇನ್ನೊಬ್ಬರಿಗೆ ತೋರಿಸುವಾಗ

ಮಾತು ಕಮ್ಮಿ ಮಾಡಿ. ಇದು ನಮ್ಮಂಥವರಿಗೆ ಎಲ್ಲಕ್ಕಿಂತ ಕಷ್ಟದ ಹಂತ. ಮೊದಲು ಚಂದ್ರ, ಆಮೇಲೆ ಶನಿ ಅಥವಾ ಗುರು, ಕೊನೆಗೆ ಒಂದು ನಕ್ಷತ್ರಗುಚ್ಛ. ಮಸುಕು ಗೆಲಾಕ್ಸಿಗಳನ್ನು ಹೊಸಬರಿಗೆ ತೋರಿಸಬೇಡಿ. "ಕಾಣ್ತಿಲ್ಲ" ಅಂತ ಹೇಳಲು ಸಂಕೋಚವಾಗಿ ಸುಮ್ನೆ ತಲೆಯಾಡಿಸುತ್ತಾರೆ. ಮಕ್ಕಳು ಐಪೀಸನ್ನು ಕೈಯಿಂದ ಹಿಡಿದುಕೊಳ್ಳದ ಹಾಗೆ ಪಕ್ಕದಲ್ಲಿ ಒಂದು ಕುರ್ಚಿ ಇಟ್ಟು ಅದರ ಬೆನ್ನು ಹಿಡಿಯಲು ಹೇಳಿ. ಒಬ್ಬೊಬ್ಬರ ಕಣ್ಣಿಗೂ ಫೋಕಸ್ ಬೇರೆ, ಅದನ್ನು ತಿರುಗಿಸಿಕೊಳ್ಳಲು ಮೊದಲೇ ಹೇಳಿಕೊಡಿ. ಹಸಿರು ಲೇಸರ್ ಬಳಸುವುದಾದರೆ ವಿಮಾನದ ಕಡೆಗೆ ಯಾವತ್ತೂ ತಿರುಗಿಸಬೇಡಿ, ಮಕ್ಕಳ ಕೈಗೂ ಕೊಡಬೇಡಿ.

ಸಲಕರಣೆಯೇ ಇಲ್ಲದೆ ಜನ ಸೇರಿಸಬೇಕಾದರೆ ಉಲ್ಕೆಗಳಿವೆ. ಆಗಸ್ಟ್ 12–13ರ ಪರ್ಸೀಡ್, ಡಿಸೆಂಬರ್ 13–14ರ ಜೆಮಿನಿಡ್. ಪರ್ಸೀಡ್ ನಡುರಾತ್ರಿಯ ನಂತರ ಜಾಸ್ತಿ, ಜೆಮಿನಿಡ್ ಸ್ವಲ್ಪ ಬೇಗನೆ ಶುರುವಾಗುತ್ತದೆ. ಆ ವರ್ಷ ಆ ರಾತ್ರಿ ಚಂದ್ರ ಎಷ್ಟು ಹೊತ್ತಿಗೆ ಮುಳುಗುತ್ತಾನೆ ಅಂತ ಮೊದಲೇ ನೋಡಿಕೊಳ್ಳಿ, ಚಾಪೆ ಹಾಸಿ ಮಲಗಿ, ಫೋನುಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಸಿ.